ಮುಸ್ತಫಾ ಇಲ್ಲದ ಸಂಕಲನ

2018ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ತನ್ನ ಏಳು ಹಳೆಯ ಆಟಗಳನ್ನು ಒಟ್ಟಿಗೆ ಕಟ್ಟಿ ‘ಬೀಟ್ ಎಮ್ ಅಪ್ ಬಂಡಲ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟಿತು. 1989ರ ‘ಫೈನಲ್ ಫೈಟ್’ ಅದರಲ್ಲಿ ಹಿರಿಯದು, 1997ರ ‘ಬ್ಯಾಟಲ್ ಸರ್ಕ್ಯೂಟ್’ ಕಿರಿಯದು. ಪರದೆಯ ಎಡದಿಂದ ಬಲಕ್ಕೆ ನಡೆಯುತ್ತ ಹೋಗಬೇಕು, ಎದುರಾದವರಿಗೆಲ್ಲ ಬಾರಿಸಬೇಕು, ಕೊನೆಗೆ ಕಾದು ನಿಂತ ಬಾಸ್‌ನನ್ನು ಕೆಡವಬೇಕು. ಏಳೂ ಆಟಗಳ ಕಥೆ ಇಷ್ಟೇ. ಆದರೆ ಭಾರತದಲ್ಲಿ ವಿಡಿಯೋ ಗೇಮ್ ಪಾರ್ಲರ್‌ಗಳಲ್ಲಿ ಬೆಳೆದವರು ಆ ಪಟ್ಟಿಯಲ್ಲಿ ಮೊದಲು ಹುಡುಕುವ ಆಟವೇ ಅದರಲ್ಲಿರಲಿಲ್ಲ. ಅವರು ಅದನ್ನು ‘ಮುಸ್ತಫಾ’ ಎಂದು ಕರೆಯುತ್ತಿದ್ದರು.

ಮುಸ್ತಫಾ ಯಾಕಿಲ್ಲ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಡೆಯುತ್ತ ಹೊಡೆದಾಡುವ ಈ ಬಗೆ 1984ರಲ್ಲಿ ಐರೆಮ್ ಕಂಪನಿ ತಂದ ‘ಕುಂಗ್ ಫು ಮಾಸ್ಟರ್’ನಿಂದ ಜನಪ್ರಿಯವಾಯಿತು. ಅಲ್ಲಿ ನಾಯಕ ಒಂದೇ ಗೆರೆಯ ಮೇಲೆ ನಡೆಯುತ್ತಾನೆ, ಮೇಲೆ ಕೆಳಗೆ ಸರಿಯುವ ಹಾಗಿಲ್ಲ. 1986ರಲ್ಲಿ ಟೆಕ್ನೋಸ್ ಕಂಪನಿಯ ಯೊಶಿಹಿಸಾ ಕಿಶಿಮೊಟೊ, ತಮ್ಮ ಹೈಸ್ಕೂಲು ದಿನಗಳ ಹೊಡೆದಾಟಗಳನ್ನೇ ನೆನೆದು ‘ಕುನಿಯೊ ಕುನ್’ ಮಾಡಿದರು. ಅದರಲ್ಲಿ ರಸ್ತೆಗೆ ಅಗಲ ಬಂತು. ವೈರಿ ಎದುರಿನಿಂದಷ್ಟೇ ಅಲ್ಲ, ಹಿಂದಿನಿಂದಲೂ ಬದಿಯಿಂದಲೂ ಬರತೊಡಗಿದ. ಮರುವರ್ಷ ಅದೇ ಕಿಶಿಮೊಟೊ ‘ಡಬಲ್ ಡ್ರ್ಯಾಗನ್’ ತಂದು ಇಬ್ಬರನ್ನು ಒಟ್ಟಿಗೆ ಆಡಲು ಬಿಟ್ಟರು. ಪಕ್ಕದಲ್ಲೊಬ್ಬ ಗೆಳೆಯ ನಿಂತಿದ್ದರೆ ಕಾಸು ಎರಡು ಪಟ್ಟು ಬೀಳುತ್ತದೆ ಎಂಬುದು ಪಾರ್ಲರ್ ಮಾಲೀಕರಿಗೆ ಅರ್ಥವಾಗಲು ಹೆಚ್ಚು ದಿನ ಬೇಕಾಗಲಿಲ್ಲ.

‘ಫೈನಲ್ ಫೈಟ್’ ಬಂದದ್ದು ಇದೆಲ್ಲ ಆದ ಮೇಲೆ. ಮೊದಲು ಪ್ರದರ್ಶನಗಳಲ್ಲಿ ಅದನ್ನು ‘ಸ್ಟ್ರೀಟ್ ಫೈಟರ್ 89’ ಎಂದು ತೋರಿಸಿದ್ದರು. ಆಟವೇ ಬೇರೆ ಜಾತಿಯದಾದ್ದರಿಂದ ಹೆಸರು ಬದಲಾಯಿತು. ಮೆಟ್ರೋ ಸಿಟಿಯ ಮೇಯರ್ ಹ್ಯಾಗರ್, ಅಪಹರಣವಾದ ಮಗಳನ್ನು ಬಿಡಿಸಲು ಅಂಗಿ ಕಳಚಿ ಬೀದಿಗಿಳಿಯುತ್ತಾನೆ. ಮೇಯರ್ ಒಬ್ಬ ಹೀಗೆ ಖುದ್ದಾಗಿ ಬೀದಿ ಸ್ವಚ್ಛ ಮಾಡುವ ದೃಶ್ಯ ನಮ್ಮ ನಗರಪಾಲಿಕೆಗಳನ್ನು ಕಂಡವರಿಗೆ ಇನ್ನೂ ಹೆಚ್ಚು ರುಚಿಸೀತು. ಎಣ್ಣೆಯ ಡ್ರಮ್ ಒಡೆದರೆ ಒಳಗಿಂದ ಹುರಿದ ಕೋಳಿ ಬರುತ್ತದೆ. ನೆಲದ ಮೇಲಿಂದ ಎತ್ತಿ ತಿಂದರೆ ಕುಂದಿದ ಜೀವ ಮತ್ತೆ ತುಂಬುತ್ತದೆ. ಪಾತ್ರಗಳು ಪರದೆಯ ಎತ್ತರದ ಅರ್ಧದ ಹತ್ತಿರ ಬರುವಷ್ಟು ದೊಡ್ಡವು. ಕ್ಯಾಪ್‌ಕಾಮ್ 1988ರಲ್ಲಿ ಬಳಕೆಗೆ ತಂದಿದ್ದ ಸಿಪಿಎಸ್ ಎಂಬ ಹೊಸ ಸರ್ಕ್ಯೂಟ್ ಬೋರ್ಡ್ ಇಲ್ಲದಿದ್ದರೆ ಅಂಥ ಚಿತ್ರಗಳನ್ನು ಓಡಿಸುವುದು ಕಷ್ಟವಿತ್ತು.

ಆ ಬೋರ್ಡ್‌ಗೂ ಮನೆಯ ಟಿವಿಗೆ ಸಿಕ್ಕಿಸುವ ಪೆಟ್ಟಿಗೆಗೂ ಇದ್ದ ಅಂತರವೇ ಇಂದಿನ ಸಂಕಲನಗಳಿಗೆ ಬೆಲೆ ತಂದುಕೊಟ್ಟದ್ದು. 1990ರಲ್ಲಿ ‘ಫೈನಲ್ ಫೈಟ್’ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್‌ಗೆ ಬಂದಾಗ ಇಬ್ಬರು ಕೂಡಿ ಆಡುವ ಸೌಕರ್ಯವೇ ಹೋಯಿತು. ಮೂವರು ನಾಯಕರಲ್ಲಿ ನಿಂಜಾ ಗೈ ಕಾಣೆಯಾದ. ಕಾರ್ಖಾನೆಯ ಸ್ಟೇಜ್ ಒಂದು ಪೂರ್ತಿ ಮಾಯವಾಯಿತು. ಅಮೆರಿಕಕ್ಕೆ ಹೋಗುವಾಗ ಇನ್ನೊಂದು ಕತ್ತರಿ ಬಿತ್ತು: ನಾಯಕರ ಮೇಲೆ ಎರಗಿ ಬರುವ ಪಾಯ್ಸನ್, ರಾಕ್ಸಿ ಎಂಬ ಹೆಣ್ಣುವೇಷದ ಪಾತ್ರಗಳ ಜಾಗದಲ್ಲಿ ಇಬ್ಬರು ಗಂಡಸರು ಬಂದರು. ಮನೆಯಲ್ಲಿ ಆಡಿದವರು ಎಷ್ಟೋ ವರ್ಷ ಇದನ್ನೇ ನಿಜವಾದ ಆಟವೆಂದು ನಂಬಿದ್ದರು.

ಹಳಗನ್ನಡ ಕಾವ್ಯವನ್ನು ಸಂಪಾದಿಸುವವರು ಓಲೆಗರಿಗಳ ಪಾಠಾಂತರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಹಾಗೆ, ಒಳ್ಳೆಯ ಸಂಕಲನವೂ ಒಂದೇ ಆಟದ ಹಲವು ರೂಪಗಳನ್ನು ಎದುರಿಗಿಡುತ್ತದೆ. ಕೊನಾಮಿ ಕಂಪನಿ ತನ್ನ 50ನೇ ವರ್ಷಕ್ಕೆ, 2019ರಲ್ಲಿ ತಂದ ‘ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್’ ಇದಕ್ಕೆ ಚೆಂದದ ಮಾದರಿ. ‘ಕಾಂಟ್ರಾ’ ಎಂಬ ಗುಂಡಿನಾಟದ 1987ರ ಪಾರ್ಲರ್ ರೂಪ, 1988ರ ಅಮೆರಿಕದ ಕಾರ್ಟ್ರಿಜ್, ಅದೇ ವರ್ಷದ ಜಪಾನಿನ ಕಾರ್ಟ್ರಿಜ್, ಮೂರೂ ಅದರಲ್ಲಿವೆ. ಜಪಾನಿನದರಲ್ಲಿ ಕೊನಾಮಿಯದೇ ಒಂದು ಹೆಚ್ಚುವರಿ ಚಿಪ್ ಇದ್ದುದರಿಂದ ಕಾಡಿನ ಮರಗಳು ತೂಗುತ್ತವೆ, ಹಿಮ ಬೀಳುತ್ತದೆ. ಅಮೆರಿಕದ ಪ್ರತಿಯಲ್ಲಿ ಮರಗಳು ಗೋಡೆಗೆ ಅಂಟಿಸಿದಂತೆ ನಿಂತಿರುತ್ತವೆ. ಯುರೋಪಿಗೆ ಹೋದ ರೂಪ ಇನ್ನೂ ವಿಚಿತ್ರ. ಮನುಷ್ಯರು ಮನುಷ್ಯರನ್ನು ಗುಂಡಿಟ್ಟು ಕೊಲ್ಲುವ ಆಟಗಳ ಮೇಲೆ ಜರ್ಮನಿಯಲ್ಲಿ ಕಟ್ಟುನಿಟ್ಟಿನ ಕಣ್ಣಿದ್ದ ಕಾಲವದು. ಕೊನಾಮಿ ಸೈನಿಕರನ್ನು ರೋಬೋಟ್‌ಗಳನ್ನಾಗಿಸಿ ‘ಪ್ರೊಬೊಟೆಕ್ಟರ್’ ಎಂದು ಮಾರಿತು. ಈ ಸರಣಿಯ ಎರಡು ರೋಬೋಟ್ ರೂಪಗಳೂ ಆ ಸಂಕಲನದಲ್ಲಿವೆ.

ಕರ್ನಾಟಕದ ಮಟ್ಟಿಗೆ ನೋಡಿದರೆ ಸಂಕಲನ ಎಂಬುದು ಹೊಸ ಸರಕಲ್ಲ. ತೊಂಬತ್ತರ ದಶಕದಲ್ಲಿ ಮಧ್ಯಮವರ್ಗದ ಮನೆಗಳಿಗೆ ಬಂದ ‘ಟಿವಿ ವಿಡಿಯೋ ಗೇಮ್’ಗಳಲ್ಲಿ ಬಹುಪಾಲು ನಿಂಟೆಂಡೊದ ಫ್ಯಾಮಿಕಾಮ್‌ನ ನಕಲುಗಳು. ಅವುಗಳ ಜೊತೆಗೆ ಕೊಡುತ್ತಿದ್ದ ಕಾರ್ಟ್ರಿಜ್ ಮೇಲೆ ‘9999 ಇನ್ 1’ ಎಂದು ಬರೆದಿರುತ್ತಿತ್ತು. ಒಳಗಿದ್ದವು ಬೆರಳೆಣಿಕೆಯ ಆಟಗಳು. ಮಾರಿಯೋ, ಕಾಂಟ್ರಾ, ಬಾತುಕೋಳಿ ಬೇಟೆ ಇವೇ ಬೇರೆ ಬೇರೆ ಸ್ಟೇಜ್‌ನಿಂದ ಶುರುವಾಗಿ ಪಟ್ಟಿಯನ್ನು ಉದ್ದ ಮಾಡುತ್ತಿದ್ದವು. ಅನುಮತಿ ಇಲ್ಲ, ರಾಯಧನ ಇಲ್ಲ, ತಯಾರಕರ ಹೆಸರೂ ಇಲ್ಲ. ಹೀಗೆ ಇಲ್ಲಿಯ ಒಂದು ಇಡೀ ಪೀಳಿಗೆ ಈ ಆಟಗಳನ್ನು ಮೊದಲು ಕಂಡದ್ದೇ ಕಳ್ಳ ಸಂಕಲನಗಳಲ್ಲಿ. ಕಾನೂನುಬದ್ಧ ಸಂಕಲನಗಳೂ ಆಗಲೇ ಹುಟ್ಟಿದ್ದವು. 1995ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ನ್ಯಾಮ್ಕೊ ಮ್ಯೂಸಿಯಂ’ನಲ್ಲಿ ಆಟಗಾರ ಪರದೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಓಡಾಡುತ್ತ ಹಳೆಯ ಆಟಗಳನ್ನು ಆರಿಸಿಕೊಳ್ಳಬಹುದಿತ್ತು. ಆದರೆ ಅದು ನಮ್ಮ ಅಂಗಡಿಗಳ ಮಾತಲ್ಲ.

ಪಾರ್ಲರ್‌ನಲ್ಲಿ ಮೆರೆದದ್ದು ಮುಸ್ತಫಾ. 1993ರ ಆ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಅಮೆರಿಕದ ಚಿತ್ರಕಾರ ಮಾರ್ಕ್ ಶುಲ್ಟ್ಸ್ ಬರೆದ ‘ಝೆನೊಜೋಯಿಕ್ ಟೇಲ್ಸ್’ ಎಂಬ ಕಾಮಿಕ್ಸ್ ಅದಕ್ಕೆ ಮೂಲ. 26ನೇ ಶತಮಾನದ ಭೂಮಿ, ಮರಳಿ ಬಂದ ಡೈನೋಸಾರ್‌ಗಳು, ಹಳೇ ಕ್ಯಾಡಿಲಾಕ್ ಕಾರು. ನಾಲ್ವರು ನಾಯಕರಲ್ಲಿ ಹಳದಿ ಟೋಪಿಯ ಮುಸ್ತಫಾ ಕೈರೊ ಎಲ್ಲರಿಗಿಂತ ಚುರುಕು, ಓಡಿ ಬಂದು ಒದ್ದರೆ ಒಂದು ಸಾಲು ವೈರಿಗಳೇ ಮಲಗುತ್ತಿದ್ದರು. ಉದ್ದ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಭಾರತ, ಪಾಕಿಸ್ತಾನ ಎರಡರಲ್ಲೂ ಆಟಕ್ಕೆ ಅವನ ಹೆಸರೇ ನಿಂತಿತು. ಮೂವರು ಒಟ್ಟಿಗೆ ಆಡಬಹುದಿದ್ದರಿಂದ ‘ನಾನು ಮುಸ್ತಫಾ’ ಎಂದು ಮೊದಲು ಕೂಗಿದವನಿಗೆ ಅವನು ಸಿಗುತ್ತಿದ್ದ. ಉಳಿದವರು ಜಾಕ್‌ನನ್ನೋ ದಢೂತಿ ಮೆಸ್‌ನನ್ನೋ ಹಿಡಿದು ತೃಪ್ತಿಪಡಬೇಕು.

ಮುಸ್ತಫಾದ ಅಸಲಿ ಬೋರ್ಡ್‌ನಲ್ಲಿ ಒಂದು ಸಣ್ಣ ಬ್ಯಾಟರಿ ಇತ್ತು. ಗೂಢಲಿಪಿಯ ಕೀಲಿಯನ್ನು ಕಾಪಾಡುವುದು ಅದರ ಕೆಲಸ. ನಕಲಿಗಳನ್ನು ತಡೆಯಲೆಂದು ಕ್ಯಾಪ್‌ಕಾಮ್ ಹಾಕಿದ್ದು. ಬ್ಯಾಟರಿ ಸತ್ತರೆ ಕೀಲಿ ಅಳಿಸಿಹೋಗುತ್ತದೆ, ಬೋರ್ಡ್ ಕೆಲಸ ನಿಲ್ಲಿಸುತ್ತದೆ. ಮುಂದಿನ ಸಿಪಿಎಸ್ 2 ಬೋರ್ಡ್‌ಗಳಲ್ಲೂ ಇದೇ ಏರ್ಪಾಡು. ಬಂಡಲ್‌ನಲ್ಲಿರುವ ‘ಆರ್ಮರ್ಡ್ ವಾರಿಯರ್ಸ್’, ‘ಬ್ಯಾಟಲ್ ಸರ್ಕ್ಯೂಟ್’ ಆ ಜಾತಿಯವು. ಮೊದಲನೆಯದರಲ್ಲಿ ಸೋತ ಯಂತ್ರದ ಕೈಕಾಲು ಕಿತ್ತು ತನಗೆ ಜೋಡಿಸಿಕೊಳ್ಳಬಹುದು. ಎರಡನೆಯದರಲ್ಲಿ ಗುಲಾಬಿ ಆಸ್ಟ್ರಿಚ್ ಮೇಲೆ ಕೂತ ಪುಟ್ಟ ಹುಡುಗಿ ರೌಡಿಗಳನ್ನು ಬಡಿಯುತ್ತಾಳೆ. ಇಷ್ಟು ಮಜವಾದ ಆಟಗಳು 2018ರವರೆಗೆ ಮನೆಯ ಯಾವ ಯಂತ್ರಕ್ಕೂ ಬಂದಿರಲಿಲ್ಲ. ಒಂದೊಂದೇ ಬ್ಯಾಟರಿ ಸಾಯುತ್ತಿದ್ದಾಗ ಇವುಗಳನ್ನು ಉಳಿಸಿದವರು ಹವ್ಯಾಸಿಗಳು. ಸಿಪಿಎಸ್ 2ರ ಗೂಢಲಿಪಿಯನ್ನು ಅವರು 2007ರಲ್ಲಿ ಪೂರ್ತಿ ಬಿಡಿಸಿದರು. ಇತ್ತ ಮುಸ್ತಫಾದ ನಕಲಿ ಬೋರ್ಡ್‌ಗಳೂ ಬೇಕಾದಷ್ಟು ಹರಡಿದ್ದವು.

ಸಂಕಲನದಲ್ಲಿ ಆಡುವಾಗ ಆಟದ ಗುಣ ಬದಲಾಗುವುದೂ ಉಂಟು. ಇವು ಕಾಯಿನ್ ನುಂಗಲೆಂದೇ ಹುಟ್ಟಿದವು. ನಾಯಕ ಸತ್ತೊಡನೆ ಪರದೆಯ ಮೇಲೆ ಕೆಳಗಿಳಿಯುವ ಎಣಿಕೆ ಜೇಬಿಗೆ ಕೈ ಹಾಕಿಸುವ ಉಪಾಯ. ಬಂಡಲ್‌ನಲ್ಲಿ ಗುಂಡಿ ಒತ್ತಿದರೆ ಮತ್ತೆ ಜೀವ, ಎಷ್ಟು ಬೇಕಾದರೂ. ‘ಫೈನಲ್ ಫೈಟ್’ ಒಂದು ಗಂಟೆಯೊಳಗೆ ಮುಗಿಯುತ್ತದೆ, ಸೋಲಿನ ಬಿಸಿ ತಟ್ಟುವುದೇ ಇಲ್ಲ. ಹಾಗೆ ಆಡಿ ಸಪ್ಪೆ ಎಂದವರು ಒಂದೇ ಕಾಯಿನ್ನಿನಲ್ಲಿ ಎಷ್ಟು ದೂರ ಹೋಗಬಹುದು ಎಂದು ತಾವೇ ಕಟ್ಟುಪಾಡು ಹಾಕಿಕೊಂಡು ನೋಡಬೇಕು. ಆಗ ಆ ಹುರಿದ ಕೋಳಿಗೆ ನಿಜವಾದ ಬೆಲೆ ಬರುತ್ತದೆ.

ಉಳಿದದ್ದು ಹಕ್ಕಿನ ಪ್ರಶ್ನೆ. ಬಂಡಲ್‌ನಲ್ಲಿ ಬಹುಪಾಲು ಕ್ಯಾಪ್‌ಕಾಮ್‌ನದೇ ಪಾತ್ರಗಳು. ಹೊರಗುಳಿದವು ಬೇರೆಯವರಿಂದ ಕಡ ತಂದವು: ಮಾರ್ವೆಲ್‌ನ ‘ಪನಿಷರ್’, ಹಾಲಿವುಡ್‌ನ ‘ಏಲಿಯನ್ ವರ್ಸಸ್ ಪ್ರಿಡೇಟರ್’, ಶುಲ್ಟ್ಸ್‌ನ ‘ಕ್ಯಾಡಿಲಾಕ್ಸ್’. ಇವುಗಳಲ್ಲಿ ‘ಏಲಿಯನ್’ 2019ರಲ್ಲಿ ‘ಕ್ಯಾಪ್‌ಕಾಮ್ ಹೋಮ್ ಆರ್ಕೇಡ್’ ಎಂಬ ಜಾಯ್‌ಸ್ಟಿಕ್ ಪೆಟ್ಟಿಗೆಯೊಳಗೆ ಮನೆ ಸೇರಿತು. 2024ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್ ಆಟಗಳ ಸಂಕಲನವೊಂದರಲ್ಲಿ ಎದುರುಬದುರು ನಿಂತು ಕಾದಾಡುವ ಆರು ಆಟಗಳ ನಡುವೆ ‘ಪನಿಷರ್’ ಕೂಡ ಬಂತು. ಮುಸ್ತಫಾದ ವಿಷಯದಲ್ಲಿ ಕಾಮಿಕ್ಸ್ ಲೇಖಕನ ಹಕ್ಕು ಒಂದು ಕಡೆ, ಶೀರ್ಷಿಕೆಯಲ್ಲೇ ಕೂತಿರುವ ಜನರಲ್ ಮೋಟರ್ಸ್‌ನ ಕಾರಿನ ಹೆಸರು ಇನ್ನೊಂದು ಕಡೆ. ಹೀಗಾಗಿ ಅದನ್ನು ಈಗಲೂ ಆಡಬಯಸುವ ಬೆಂಗಳೂರಿನವನು ಹಿಡಿಯುವುದು ಹಳೆಯ ದಾರಿಯನ್ನೇ: ಕಂಪ್ಯೂಟರನ್ನು ಹಳೆಯ ಬೋರ್ಡ್‌ನಂತೆ ನಡೆಸುವ ಎಮ್ಯುಲೇಟರ್ ಒಂದು, ಎಲ್ಲಿಂದಲೋ ಇಳಿಸಿಕೊಂಡ ಫೈಲು, ಐದರ ಕೀ ಒತ್ತಿದರೆ ಕಾಯಿನ್.