ಪಾಳು ಗೋಡೆಯೂ ಒಂದು ದಾಖಲೆ

ಕಂದಾಯ ಇಲಾಖೆಯ ಹಳೆಯ ಕಾಗದಪತ್ರಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತು ಬರುತ್ತದೆ. ಫಾರಸಿಯಲ್ಲಿ ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪ ಹಚ್ಚುವವರೇ ಇಲ್ಲದ ಊರು ಎಂದರ್ಥ. ಜನ ಬಿಟ್ಟುಹೋದ ಮೇಲೂ ಊರಿನ ಹೆಸರು ಲೆಕ್ಕದ ಪುಸ್ತಕದಲ್ಲಿ ಉಳಿಯುತ್ತದೆ. ಆದರೆ ಅಲ್ಲಿನ ಮನೆಗಳು ಹೇಗಿದ್ದವು, ಯಾವ ಗೋಡೆ ಮೊದಲು ಬಿತ್ತು, ಎಲ್ಲಿ ಮರ ಬೇರು ಬಿಟ್ಟಿತು ಎಂಬುದನ್ನು ಆ ಪುಸ್ತಕ ಹೇಳದು. ಅದನ್ನು ಹೇಳಬಲ್ಲ ಸಾಧನ ಛಾಯಾಚಿತ್ರ. ಪಾಳುಬಿದ್ದ ಕಟ್ಟಡಗಳ ಚಿತ್ರ ತೆಗೆಯುವ ಕೆಲಸಕ್ಕೆ ಧಾರವಾಡ ಸೀಮೆಯಲ್ಲಿ ಸುಮಾರು 170 ವರ್ಷಗಳ ಇತಿಹಾಸವಿದೆ.

ಕಾಗದದ ಮೇಲೆ ಮೂಡಿದ ಕಲ್ಲು

ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ಮುಂಬಯಿ ಸರ್ಕಾರ 1855ರಲ್ಲಿ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ರನ್ನು ನೇಮಿಸಿತು. ಅವರು ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಚಿತ್ರ ತೆಗೆದರು. ಅವರು ದಳಕ್ಕೆ ಮರಳಿದ ನಂತರ ಡಾ. ಪಿಗೂ ಎಂಬ ವೈದ್ಯರು ಕೆಲಸ ಮುಂದುವರಿಸಿದರು. ಇವರಿಬ್ಬರ ಮತ್ತು ನೀಲ್ ಎಂಬುವರ ಚಿತ್ರಗಳು ಧಾರವಾಡ ಹಾಗೂ ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಅದಕ್ಕೆ ಇತಿಹಾಸದ ಭಾಗ ಬರೆದವರು ಸುರಪುರದಿಂದಾಗಿ ಕನ್ನಡಿಗರಿಗೆ ಪರಿಚಿತರಾದ ಮೆಡೋಸ್ ಟೇಲರ್.

ಆ ಕಾಲದಲ್ಲಿ ಫಿಲ್ಮ್ ಇರಲಿಲ್ಲ. ಬೆಳ್ಳಿಯ ಲವಣಗಳನ್ನು ಹಚ್ಚಿದ ಕಾಗದವೇ ನೆಗೆಟಿವ್. ಅದರ ಮೇಲೆ ಬಿಂಬ ಮೂಡಲು ಕೆಲವು ನಿಮಿಷಗಳೇ ಬೇಕಾಗುತ್ತಿದ್ದವು. ಅಲುಗದ ಕಲ್ಲು ಸ್ಪಷ್ಟವಾಗಿ ಮೂಡುತ್ತಿತ್ತು. ನಡೆದುಹೋದ ಮನುಷ್ಯ, ಹಾದುಹೋದ ದನ ಮಾತ್ರ ಮೂಡುತ್ತಿರಲಿಲ್ಲ. ಹಳೆಯ ಚಿತ್ರಗಳಲ್ಲಿ ಕಾಣುವ ನಿರ್ಜನತೆಯಲ್ಲಿ ಒಂದು ಪಾಲು ಕ್ಯಾಮೆರಾ ಸೃಷ್ಟಿಸಿದ್ದು. ಇತಿಹಾಸದ ವಿದ್ಯಾರ್ಥಿ ಇದನ್ನು ಮರೆಯಬಾರದು.

ಒಂದೇ ಜಾಗ, ಎರಡು ಕಾಲ

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಚಿತ್ರಗಳನ್ನು ಇದೇ ಕಾಗದದ ವಿಧಾನದಲ್ಲಿ ತೆಗೆದರು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಗ್ರೀನ್‌ಲಾ ಚಿತ್ರದಲ್ಲಿ ಇಟ್ಟಿಗೆಯ ಶಿಖರವಿದೆ. ಈಗ ಅದಿಲ್ಲ. ಹಳೆಯ ಚಿತ್ರವಿಲ್ಲದಿದ್ದರೆ ರಥ ಮೊದಲಿನಿಂದಲೂ ಹೀಗೆಯೇ ಇತ್ತೆಂದು ನಾವು ನಂಬುತ್ತಿದ್ದೆವು.

ಪಂಪನ ಹೆಸರಿನೊಂದಿಗೆ ಬೆಸೆದುಕೊಂಡ ಅಣ್ಣಿಗೇರಿಯಲ್ಲಿ ಸುಮಾರು 1050ರ ಅಮೃತೇಶ್ವರ ದೇವಾಲಯವಿದೆ. ಹೆನ್ರಿ ಕಸಿನ್ಸ್ 1926ರಲ್ಲಿ ಪ್ರಕಟವಾದ ತಮ್ಮ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥದಲ್ಲಿ ಇದನ್ನು ಚಿತ್ರಸಹಿತ ದಾಖಲಿಸಿದರು. ಇಂಥ ಗುಡಿಗಳ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂಡಿಸಿರುತ್ತಾರೆ. ಹಕ್ಕಿಗಳು ಆಲ, ಅರಳಿಯ ಹಣ್ಣು ತಿಂದು ಹಿಕ್ಕೆ ಹಾಕಿದಾಗ ಬೀಜ ಸಂದಿಯೊಳಗೆ ಬೀಳುತ್ತದೆ. ಎಳೆಯ ಬೇರು ದಪ್ಪವಾದಂತೆ ಬೆಣೆಯ ಹಾಗೆ ಕಲ್ಲನ್ನು ಸರಿಸುತ್ತದೆ. ಮರ ಬಲಿತ ಮೇಲೆ ಅದನ್ನು ಕಡಿದರೂ ಅಪಾಯ. ಒಳಗಿನ ಬೇರು ಕೊಳೆತು ಜಾಗ ಟೊಳ್ಳಾಗುತ್ತದೆ. ಸಸಿ ಎಷ್ಟು ದೊಡ್ಡದಾಗಿದೆ, ಬಿರುಕು ಎಷ್ಟು ಅಗಲವಾಗಿದೆ ಎಂಬುದನ್ನು ವರ್ಷಕ್ಕೊಂದು ಚಿತ್ರ ಹೇಳಬಲ್ಲದು.

ಯಾರೂ ತೆಗೆಯದ ಚಿತ್ರಗಳು

ಗುಡಿಗೆ ಕಾವಲಿದೆ, ದಾಖಲೆಯಿದೆ. ನವಲಗುಂದ, ಕುಂದಗೋಳ ಕಡೆಯ ಮೇಲ್ಮುದ್ದೆ ಮನೆಗಳಿಗೆ ಎರಡೂ ಇಲ್ಲ. ದಪ್ಪ ಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ ಇವುಗಳ ಲಕ್ಷಣ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಿ ಬಡಿಯಬೇಕು. ಮನೆಗೆ ಬೀಗ ಬಿದ್ದರೆ ಆ ಕೆಲಸ ನಿಲ್ಲುತ್ತದೆ. ನೀರು ಜಿನುಗಿ ತೊಲೆ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. ಮಾಳಿಗೆ ಕುಸಿದ ಮೇಲೆ ಗೋಡೆ ಮಳೆಗೆ ಕರಗುತ್ತದೆ. ಎಕ್ಕೆ, ಉತ್ತರಾಣಿ, ಜಾಲಿ ಹುಟ್ಟಿಕೊಳ್ಳುತ್ತವೆ. ತಳದ ಎರೆನೆಲವೂ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಗೋಡೆಯನ್ನು ಸೀಳುತ್ತದೆ. ಕಲ್ಲಿನ ಗುಡಿ ಹಾಳಾಗಲು ಶತಮಾನ ಬೇಕು. ಮಣ್ಣಿನ ಮನೆಗೆ ಕೆಲವು ಮಳೆಗಾಲ ಸಾಕು. 2019ರ ಆಗಸ್ಟ್ ತಿಂಗಳ ಸತತ ಮಳೆಯಲ್ಲಿ ಜಿಲ್ಲೆಯ ಅನೇಕ ಮಣ್ಣಿನ ಮನೆಗಳು ಬಿದ್ದವು. ಅವುಗಳ ಜಾಗದಲ್ಲಿ ಮಣ್ಣಿನ ಮನೆ ಮತ್ತೆ ಏಳುವುದು ಅಪರೂಪ.

ಅರಸರ ಕಟ್ಟಡಗಳ ಚಿತ್ರ ಮಾತ್ರ ಉಳಿದು ರೈತನ ಮನೆಯ ಚಿತ್ರ ಉಳಿಯದಿದ್ದರೆ, ಮುಂದಿನವರು ಈ ಸೀಮೆಯ ಇತಿಹಾಸವನ್ನು ಅರ್ಧ ಮಾತ್ರ ಓದುತ್ತಾರೆ. ಈ ಕೊರತೆಯನ್ನು ನೀವು ತುಂಬಬಹುದು. ಅದಕ್ಕೆ ಸಾಮಾನ್ಯ ಕ್ಯಾಮೆರಾ ಅಥವಾ ಮೊಬೈಲ್ ಫೋನ್ ಸಾಕು. ಮೊದಲು ಮನೆಯವರ ಒಪ್ಪಿಗೆ ಪಡೆಯಿರಿ. ನಿಂತ ಜಾಗವನ್ನು ಗುರುತು ಮಾಡಿಕೊಂಡು, ಪ್ರತಿ ವರ್ಷ ಅದೇ ತಿಂಗಳು, ಅದೇ ಹೊತ್ತಿಗೆ, ಅಲ್ಲಿಂದಲೇ ಚಿತ್ರ ತೆಗೆಯಿರಿ. ಅಳತೆ ತಿಳಿಯಲು ಗೋಡೆಗೆ ಒಂದು ಮೀಟರ್ ಕೋಲು ಆನಿಸಿಡಿ. ಶಿಥಿಲ ಮಾಳಿಗೆಯ ಕೆಳಗೆ ಹೋಗಬೇಡಿ. ಹಾಳು ಬಾವಿ, ಹಗೇವು, ಹಾವುಗಳ ಬಗ್ಗೆ ಎಚ್ಚರವಿರಲಿ.

ಚಿತ್ರದ ಜೊತೆ ದಿನಾಂಕ ಮತ್ತು ಊರಿನ ಹೆಸರು ಬರೆದಿಡಿ. ಆ ಮನೆಯಲ್ಲಿ ಒಲೆ ಎಲ್ಲಿತ್ತು, ಎತ್ತು ಎಲ್ಲಿ ಕಟ್ಟುತ್ತಿದ್ದರು, ಮನೆಯವರು ಯಾವಾಗ, ಏಕೆ ಹೋದರು ಎಂದು ಊರಿನ ಹಿರಿಯರನ್ನು ಕೇಳಿ, ಅವರ ಮಾತಿನಲ್ಲೇ ದಾಖಲಿಸಿ. ಗೋಡೆ ಬಿದ್ದ ಮೇಲೂ ಚಿತ್ರ ತೆಗೆಯಬಹುದು. ಹಿರಿಯರ ನೆನಪು ಹೋದ ಮೇಲೆ ಕೇಳುವುದಕ್ಕೆ ಯಾರೂ ಇರುವುದಿಲ್ಲ. ಆದ್ದರಿಂದ ಆ ಕೆಲಸ ಈ ರಜೆಯಲ್ಲೇ ಆಗಲಿ.