ಮುಸ್ಸಂಜೆಯ ಹೊಗೆ: ಸೊಳ್ಳೆಯ ಮನೆಮದ್ದಿಗೊಂದು ಹೊತ್ತು

ಹೊತ್ತು ಮುಳುಗುವಾಗ ಕೊಟ್ಟಿಗೆಗೆ ಹೊಗೆ ಹಾಕುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಒಡಕು ಬಾಣಲೆಯಲ್ಲಿ ಎರಡು ಬೆರಣಿ ಹೊತ್ತಿಸಿ, ಅವು ಕೆಂಡವಾದ ಮೇಲೆ ಹಸಿ ಬೇವಿನ ಸೊಪ್ಪನ್ನೋ ಲಕ್ಕಿ ಸೊಪ್ಪನ್ನೋ ಮೇಲೆ ಒತ್ತಿ ಮುಚ್ಚುತ್ತಾರೆ. ಸೊಪ್ಪು ಒಣಗಿದ್ದರೆ ಭಗ್ಗನೆ ಹತ್ತಿಕೊಂಡು ಬೂದಿಯಾಗುತ್ತದೆ. ಹಸಿಯಾಗಿದ್ದರೆ ಉರಿಯಲಾರದೆ ಒಳಗೊಳಗೇ ಬೇಯುತ್ತ ದಟ್ಟ ಹೊಗೆ ಬಿಡುತ್ತದೆ. ಗಾಳಿ ಬರುವ ಕಡೆ ಬಾಣಲೆ ಇಟ್ಟರೆ ಹೊಗೆ ದನಗಳ ಮೈಮೇಲೆ ಹಾದುಹೋಗುತ್ತದೆ. ಈ ಪದ್ಧತಿಯ ಬಗ್ಗೆ ಬರೆದವರು ಯಾವ ಸೊಪ್ಪಿಗೆ ಯಾವ ಗುಣ ಎಂದು ಧಾರಾಳವಾಗಿ ಚರ್ಚಿಸಿದ್ದಾರೆ. ಯಾವ ಹೊತ್ತಿಗೆ ಎಂಬುದನ್ನು ಕೇಳಿದ್ದು ಕಡಿಮೆ. ಸೊಳ್ಳೆಯ ಮನೆಮದ್ದಿನ ಚರಿತ್ರೆಯನ್ನು ಹೊತ್ತಿನ ಲೆಕ್ಕದಲ್ಲೇ ಓದಬೇಕು ಎಂಬುದು ನನ್ನ ವಾದ. ಇಳಿಸಂಜೆಯಿಂದ ಬೆಳಗಿನ ಜಾವದವರೆಗೆ ಮನುಷ್ಯರ, ದನಗಳ ನೆಮ್ಮದಿ ಕಾಯುವುದಕ್ಕೆ ಹುಟ್ಟಿದ ಉಪಾಯ ಅದು. ರೋಗ ತಡೆಯುವ ಹೊಣೆಯನ್ನು ಅದರ ಹೆಗಲಿಗೆ ಹೊರಿಸಿದ್ದು ಬಹಳ ಈಚೆಗೆ.

ಹಳೆಯ ಆಧಾರಗಳು ಇದನ್ನೇ ಹೇಳುತ್ತವೆ. ಪಾಲಿ ವಿನಯಪಿಟಕದ ಚುಲ್ಲವಗ್ಗದಲ್ಲಿ ಸೊಳ್ಳೆಗಳಿಂದ ಬಳಲಿದ ಭಿಕ್ಷುಗಳಿಗೆ ‘ಮಕಸಕುಟಿಕಾ’, ಎಂದರೆ ಸೊಳ್ಳೆಪರದೆ, ಬಳಸಲು ಅನುಮತಿ ಸಿಗುತ್ತದೆ; ಸೊಳ್ಳೆ ಓಡಿಸುವ ಬೀಸಣಿಗೆಗೂ ಅಲ್ಲಿ ಒಪ್ಪಿಗೆಯಿದೆ. ಕ್ರಿಸ್ತಪೂರ್ವ 5ನೆಯ ಶತಮಾನದ ಹೆರೊಡೋಟಸ್, ಈಜಿಪ್ಟಿನ ಜೌಗುನೆಲದ ಜನ ಹಗಲು ಮೀನು ಹಿಡಿದ ಬಲೆಯನ್ನೇ ರಾತ್ರಿ ಹಾಸಿಗೆಯ ಸುತ್ತ ಕಟ್ಟಿಕೊಂಡು ಮಲಗುತ್ತಿದ್ದರೆಂದು ಬರೆದಿದ್ದಾನೆ. ಎರಡು ಕಡೆಯೂ ತೊಂದರೆ ಕಡಿತದ್ದು, ಜ್ವರದ ಮಾತಿಲ್ಲ. ಇದಕ್ಕೆ ಎದುರಾಗಿ ಸುಶ್ರುತಸಂಹಿತೆಯನ್ನು ಮುಂದಿಡುವವರಿದ್ದಾರೆ. ಅದರ ಕಲ್ಪಸ್ಥಾನ ಸಾಮುದ್ರ, ಪರಿಮಂಡಲ, ಹಸ್ತಿಮಶಕ, ಕೃಷ್ಣ, ಪಾರ್ವತೀಯ ಎಂದು ಐದು ಬಗೆಯ ಸೊಳ್ಳೆಗಳನ್ನು ಹೆಸರಿಸಿ, ಪಾರ್ವತೀಯದ ಕಡಿತ ಪ್ರಾಣಹಾರಿ ಕೀಟಗಳ ಕಡಿತಕ್ಕೆ ಸಮ ಎನ್ನುವುದು ನಿಜ. ಆದರೆ ಈ ಮಾತು ಬರುವುದು ಕೀಟವಿಷದ ಪ್ರಕರಣದಲ್ಲಿ. ಅಲ್ಲಿ ಸೊಳ್ಳೆ ತಾನೇ ವಿಷಜಂತು. ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ರೋಗ ಸಾಗಿಸುವ ವಾಹಕವಲ್ಲ. ಐದು ಬಗೆಗಳನ್ನು ಬೇರ್ಪಡಿಸಿ ನೋಡಿದ ಆ ಕಣ್ಣಿಗೆ ಸಲ್ಲಬೇಕಾದ ಗೌರವ ದೊಡ್ಡದು. ಅದನ್ನು ಮಲೇರಿಯಾದ ಮುನ್ನರಿವು ಎಂದು ಹಿಗ್ಗಿಸಿದರೆ ಗ್ರಂಥ ಹೇಳದ್ದನ್ನು ಅದರ ಬಾಯಲ್ಲಿ ಹೇಳಿಸಿದಂತಾಗುತ್ತದೆ.

ಹೊತ್ತಿನ ಈ ಲೆಕ್ಕ ಕಣ್ಣಿಗೆ ಕಟ್ಟುವಂತೆ ಕಾಣುವುದು ಜಪಾನಿನಲ್ಲಿ. ಅಲ್ಲಿಯೂ ಬೇಸಿಗೆಯ ಸಂಜೆಗಳಲ್ಲಿ ಸೊಪ್ಪುಸದೆ, ಪೈನ್ ಎಲೆ ಸುಟ್ಟು ಹೊಗೆ ಹಾಕುವುದು ಮನೆಮನೆಯ ರೂಢಿಯಾಗಿತ್ತು. ಸೇವಂತಿಗೆಯ ಬಳಗದ ಪೈರೆಥ್ರಮ್ ಹೂವಿನ ಬೀಜ 1880ರ ದಶಕದಲ್ಲಿ ಎಯಿಚಿರೊ ಉಯೆಯಾಮಾ ಅವರ ಕೈಸೇರಿತು. ಆ ಹೂವಿನ ಪುಡಿಯಿಂದ 1890ರಲ್ಲಿ ಅವರು ಮಾಡಿದ ಊದುಬತ್ತಿ ಸೊಳ್ಳೆಯನ್ನೇನೋ ಕೆಡವುತ್ತಿತ್ತು, ಆದರೆ ಸುಮಾರು 40 ನಿಮಿಷಕ್ಕೆ ಉರಿದು ಮುಗಿಯುತ್ತಿತ್ತು. ಉದ್ದ ಮಾಡಿದರೆ ಮುರಿಯುತ್ತದೆ, ದಪ್ಪ ಮಾಡಿದರೆ ಹೊಗೆ ಹೆಚ್ಚುತ್ತದೆ. ಬತ್ತಿಯನ್ನು ಸುರುಳಿ ಸುತ್ತುವ ಯೋಚನೆಯನ್ನು 1895ರಲ್ಲಿ ಕೊಟ್ಟವರು ಅವರ ಪತ್ನಿ ಯುಕಿ. 1902ರಲ್ಲಿ ಸುರುಳಿ ಮಾರುಕಟ್ಟೆಗೆ ಬಂತು. ಹೂವು ಅದೇ, ಪುಡಿ ಅದೇ. ಗೆದ್ದದ್ದು ನಿದ್ದೆಯ ಉದ್ದಕ್ಕೂ ಉರಿಯಬಲ್ಲ ಆಕಾರ. ಇಂದು ನಾವು ‘ಕೆಮಿಕಲ್’ ಎಂದು ಮೂಗು ಮುರಿಯುವ ಕಾಯಿಲ್ ಹುಟ್ಟುವಾಗ ಅಪ್ಪಟ ಗಿಡಮೂಲಿಕೆಯಾಗಿತ್ತು. ಪೈರೆಥ್ರಮ್ಮಿನ ಸಂಶ್ಲೇಷಿತ ತಮ್ಮ ಅಲೆಥ್ರಿನ್ ಅಮೆರಿಕದಲ್ಲಿ ತಯಾರಾದದ್ದು 1949ರಲ್ಲಿ. ಹಾಗಾಗಿ ಸಹಜ, ಕೃತಕ ಎಂಬ ಗೆರೆ ಈ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ಹೆಚ್ಚು ನೆರವಾಗುವುದಿಲ್ಲ.

ಬೇವಿನ ಪರವಾಗಿ ಗಟ್ಟಿಯಾದ ಆಕ್ಷೇಪವೊಂದು ಬರಬಹುದು. ತೆಂಗಿನೆಣ್ಣೆಯಲ್ಲಿ ಶೇ. 2ರಷ್ಟು ಬೇವಿನೆಣ್ಣೆ ಬೆರೆಸಿ ಮೈಗೆ ಹಚ್ಚಿಕೊಂಡವರಿಗೆ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳಿಂದ 12 ಗಂಟೆ ಪೂರ್ಣ ರಕ್ಷಣೆ ಸಿಕ್ಕಿತೆಂದು ಭಾರತದ ಮಲೇರಿಯಾ ಸಂಶೋಧಕರು 1993ರಲ್ಲಿ ಪ್ರಕಟಿಸಿದ್ದರು. ಅದು ಬೆಲೆಯುಳ್ಳ ಫಲಿತಾಂಶವೇ. ಆದರೂ ಆ 12 ಗಂಟೆ ಸೇರಿರುವುದು ರಾತ್ರಿ ಕಡಿಯುವ ಅನಾಫಿಲಿಸ್‌ಗೆ. ಅಳತೆಯಿಟ್ಟು ಹಚ್ಚಿದ ಎಣ್ಣೆಯ ಗುಣವನ್ನು ಸುಟ್ಟ ಸೊಪ್ಪಿನ ಹೊಗೆಗೆ ಹಾಗೇ ದಾಟಿಸಲೂ ಬರುವುದಿಲ್ಲ. ಹೊಗೆ ನಿರಪಾಯ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಒಂದು ಕಾಯಿಲ್ ಉರಿದಾಗ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತು. ಆ ಕಣಗಳು ಬಹುಪಾಲು ಬರುವುದು ಕೀಟನಾಶಕದಿಂದಲ್ಲ, ಉರಿಯುವ ಹೊಟ್ಟು ಪುಡಿಯಿಂದ. ನಾಲ್ಕೂ ಕಡೆ ಗಾಳಿಯಾಡುವ ಕೊಟ್ಟಿಗೆಯ ಹೊಗೆಯನ್ನು ಕಿಟಕಿ ಮುಚ್ಚಿದ ಮಲಗುವ ಕೋಣೆಗೆ ತಂದಾಗ, ಅದರಲ್ಲೂ ಕೂಸು ಮಲಗಿದ ಕೋಣೆಗೆ ತಂದಾಗ, ಸಂಪ್ರದಾಯ ಹೆಸರಿಗಷ್ಟೇ ಉಳಿದಿರುತ್ತದೆ.

ಹೊತ್ತಿನ ಲೆಕ್ಕ ಪೂರ್ತಿ ತಪ್ಪುವುದು ಡೆಂಗಿಯ ಮುಂದೆ. ಅದನ್ನು ಹರಡುವ ಈಡಿಸ್ ಸೊಳ್ಳೆ ಹಗಲು ಕಡಿಯುತ್ತದೆ, ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ ಹೆಚ್ಚು. ನಾವು ದೀಪ ಹಚ್ಚಿ ಧೂಪ ಹಾಕುವ ವೇಳೆಗೆ ಅದರ ಕೆಲಸ ಬಹುಪಾಲು ಮುಗಿದಿರುತ್ತದೆ. ಇಲ್ಲಿ ನೆನೆಯಬೇಕಾದ ಇನ್ನೊಂದು ಮನೆಮದ್ದು ಬೆಂಗಳೂರಿನದು. 1883ರಲ್ಲಿ ಇಲ್ಲಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ಕಿಟಕಿಯಾಚೆಗಿನ ತೊಟ್ಟಿಯ ನೀರಿನಲ್ಲಿ ಮರಿಹುಳುಗಳನ್ನು ಕಂಡು ನೀರು ಚೆಲ್ಲಿಸಿದರು. ಕೋಣೆಯ ಸೊಳ್ಳೆ ಕಡಿಮೆಯಾಯಿತು. ಬೇರೆ ಪಾತ್ರೆಗಳಿಗೂ ಹೀಗೇ ಮಾಡೋಣವೆಂದಾಗ ದಂಡಿನ ಅಧಿಕಾರಿಯೊಬ್ಬರು ಸೃಷ್ಟಿಕ್ರಮಕ್ಕೆ ಅಡ್ಡಿ ಬರಬಾರದೆಂದು ತಳ್ಳಿಹಾಕಿದರಂತೆ. ಆಗ ರಾಸ್ ಅವರಿಗೂ ಕಾಡಿದ್ದು ಕಡಿತವೇ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಸಿಕಂದರಾಬಾದಿನಲ್ಲಿ ಅವರು ಕಂಡದ್ದು 14 ವರ್ಷಗಳ ನಂತರ, 1897ರ ಆಗಸ್ಟ್ 20ರಂದು. ನೀರು ಚೆಲ್ಲುವ ಈ ಉಪಾಯಕ್ಕೆ ಹಗಲು ರಾತ್ರಿಯೆಂಬ ಭೇದವಿಲ್ಲ. ವಾರಕ್ಕೊಮ್ಮೆ ನಡೆದರೆ ಮೊಟ್ಟೆ ಸೊಳ್ಳೆಯಾಗುವ ಮೊದಲೇ ಕೆಲಸ ಮುಗಿಯುತ್ತದೆ. ಆದರೆ ಈಡಿಸ್ ಮೊಟ್ಟೆ ನೀರಿನ ಮಟ್ಟದ ತುಸು ಮೇಲೆ ಪಾತ್ರೆಯ ಒಳಮೈಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತಾಗಿದೊಡನೆ ಒಡೆಯುತ್ತದೆ. ಹಂಡೆ, ಡ್ರಮ್ಮು, ಕೂಲರ್‌ಗಳನ್ನು ಬೋರಲು ಹಾಕಿದರೆ ಸಾಲದು. ತೆಂಗಿನ ನಾರು ಹಿಡಿದು ಒಳಗಿನ ನೀರುಗೆರೆಯನ್ನು ಗಸಗಸ ಉಜ್ಜಬೇಕು.