ದಾನಶೀಲ ಧರ್ಮಾಧ್ಯಕ್ಷ ಮೈರಾದ ಸಂತ ನಿಕೋಲಾಸರು

ಕ್ರಿಸ್ತ ಜಯಂತಿ ಸಮೀಪಿಸಿತೆಂದರೆ ಕೆಂಪು ನಿಲುವಂಗಿ ತೊಟ್ಟು, ಬಿಳಿಯ ಗಡ್ಡ ಧರಿಸಿ, ಹೆಗಲ ಮೇಲೆ ಚೀಲ ಹೊತ್ತು ಬರುವ ಕ್ರಿಸ್ಮಸ್ ತಾತನನ್ನು ಕಂಡು ಹಿಗ್ಗದ ಮಕ್ಕಳಿಲ್ಲ. ಆದರೆ ಆ ವೇಷದ ಹಿಂದೆ ಇರುವವರು ಕ್ರಿಸ್ತಶಕ ನಾಲ್ಕನೆಯ ಶತಮಾನದ ಒಬ್ಬ ಧರ್ಮಾಧ್ಯಕ್ಷರು ಎಂಬುದನ್ನು ಬಲ್ಲವರು ಕೆಲವರೇ. ಆ ಮಹನೀಯರೇ ಮೈರಾ ನಗರದ ಸಂತ ನಿಕೋಲಾಸರು.

ಇಂದಿನ ತುರ್ಕಿ ದೇಶದ ದಕ್ಷಿಣ ಕರಾವಳಿಯಲ್ಲಿ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿ, ಅಂದು ಲಿಸಿಯಾ ಎಂಬ ರೋಮನ್ ಪ್ರಾಂತ್ಯವಿತ್ತು. ಅಲ್ಲಿನ ಪಟಾರ ಎಂಬ ರೇವುಪಟ್ಟಣದಲ್ಲಿ, ಮೂರನೆಯ ಶತಮಾನದ ಉತ್ತರಾರ್ಧದಲ್ಲಿ, ಅನುಕೂಲಸ್ಥ ಕ್ರೈಸ್ತ ಕುಟುಂಬವೊಂದರಲ್ಲಿ ನಿಕೋಲಾಸರು ಜನಿಸಿದರೆಂದು ಪರಂಪರೆ ಹೇಳುತ್ತದೆ. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರ ಪಾಲಿಗೆ ವಿಪುಲವಾದ ಆಸ್ತಿ ಬಂದಿತು. ಅದನ್ನು ಅವರು ತಮ್ಮದೆಂದು ಬಗೆಯಲಿಲ್ಲ. ಬಡವರ ಪಾಲು ತಮ್ಮ ಕೈಯಲ್ಲಿ ಇರಿಸಲ್ಪಟ್ಟಿದೆ ಎಂದೇ ಬಗೆದರು.

ಅವರ ಊರಿನಲ್ಲಿ ಒಬ್ಬ ಗೃಹಸ್ಥನು ಸಿರಿತನದಿಂದ ಕಡುಬಡತನಕ್ಕೆ ಇಳಿದಿದ್ದನು. ಅವನಿಗೆ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆ ಕೊಡಲು ಗತಿಯಿಲ್ಲದೆ, ಹೊಟ್ಟೆ ಹೊರೆಯಲು ಬೇರೆ ದಾರಿ ಕಾಣದೆ, ಆ ಮಕ್ಕಳನ್ನು ಪಾಪದ ಬದುಕಿಗೆ ತಳ್ಳುವ ಯೋಚನೆಯವರೆಗೂ ಆ ತಂದೆ ಬಂದಿದ್ದನು. ವರದಕ್ಷಿಣೆಯ ಹೊರೆ ಎಂತಹುದೆಂಬುದನ್ನು ನಮ್ಮ ನಾಡಿನ ತಂದೆತಾಯಿಗಳಿಗೆ ವಿವರಿಸಬೇಕಾದುದಿಲ್ಲ. ಸುದ್ದಿ ತಿಳಿದ ನಿಕೋಲಾಸರು ಒಂದು ರಾತ್ರಿ ಚಿನ್ನದ ನಾಣ್ಯಗಳ ಗಂಟೊಂದನ್ನು ಆ ಮನೆಯ ಕಿಟಕಿಯೊಳಗೆ ಎಸೆದು ಮರೆಯಾದರು. ಹಿರಿಯ ಮಗಳ ಮದುವೆಯಾಯಿತು. ಎರಡನೆಯವಳಿಗೂ ಹೀಗೆಯೇ ನಡೆಯಿತು. ಮೂರನೆಯ ಸಲ ತಂದೆ ಎಚ್ಚರವಾಗಿ ಕಾದು ಕುಳಿತು, ಬೆನ್ನಟ್ಟಿ ಬಂದು, ತನ್ನ ಉಪಕಾರಿಯ ಕಾಲಿಗೆರಗಿದನು. ನಿಕೋಲಾಸರು ಅವನಿಂದ ಬಯಸಿದ್ದು ಒಂದೇ ಮಾತು: ತಾವು ಬದುಕಿರುವವರೆಗೆ ಇದನ್ನು ಯಾರಿಗೂ ತಿಳಿಸಬಾರದು. ಸಂತರ ಚಿತ್ರಗಳಲ್ಲಿ ಕಾಣುವ ಮೂರು ಚಿನ್ನದ ಗುಂಡುಗಳು ಈ ಮೂರು ಗಂಟುಗಳ ಗುರುತು.

ಮುಂದೆ ಅವರು ಮೈರಾದ ಧರ್ಮಾಧ್ಯಕ್ಷರಾದರು. 303ರಲ್ಲಿ ಸಾಮ್ರಾಟ ಡಯೋಕ್ಲೀಷಿಯನ್ ಆರಂಭಿಸಿದ ಹಿಂಸೆಯ ಕಾಲದಲ್ಲಿ ಅವರು ಸೆರೆಮನೆ ಕಂಡರೆಂದೂ, 313ರಲ್ಲಿ ಕ್ರೈಸ್ತರಿಗೆ ಧಾರ್ಮಿಕ ಸ್ವಾತಂತ್ರ್ಯ ದೊರೆಯುವ ವೇಳೆಗೆ ಬಿಡುಗಡೆ ಹೊಂದಿದ್ದರೆಂದೂ ಪರಂಪರೆ ಹೇಳುತ್ತದೆ. ಲಂಚಕ್ಕೆ ಒಲಿದ ಅಧಿಕಾರಿಯಿಂದ ಮರಣದಂಡನೆಗೆ ಗುರಿಯಾದ ಮೂವರು ನಿರಪರಾಧಿಗಳನ್ನು ಅವರು ವಧಾಸ್ಥಾನಕ್ಕೇ ಧಾವಿಸಿ, ಕೊಲೆಗಡುಕನ ಕತ್ತಿಯನ್ನು ತಡೆದು ಉಳಿಸಿದರಂತೆ. ಸುಮಾರು 343ರ ಡಿಸೆಂಬರ್ 6ರಂದು ಅವರು ದೈವಾಧೀನರಾದರು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ನಿಕೋಲಾಸರು ಬರೆದ ಒಂದು ಪತ್ರವೂ ನಮಗೆ ಉಳಿದಿಲ್ಲ. ಅವರ ವಿಸ್ತಾರವಾದ ಜೀವನಚರಿತ್ರೆ ಗ್ರೀಕ್ ಭಾಷೆಯಲ್ಲಿ ರಚಿತವಾದುದು ಒಂಬತ್ತನೆಯ ಶತಮಾನದಲ್ಲಿ. 325ರ ನೈಸಿಯಾ ಮಹಾಸಭೆಯ ಸದಸ್ಯರ ಕೆಲವು ಪಟ್ಟಿಗಳಲ್ಲಿ ಅವರ ಹೆಸರಿದೆ, ಕೆಲವುಗಳಲ್ಲಿ ಇಲ್ಲ. ಈ ಕಾರಣಗಳಿಂದ ಇತಿಹಾಸಕಾರರು ಎಚ್ಚರಿಕೆಯಿಂದ ಮಾತನಾಡುತ್ತಾರೆ. 1969ರಲ್ಲಿ ಜಗದ್ಗುರು ಆರನೆಯ ಪೌಲರು ಪೂಜಾಪಂಚಾಂಗವನ್ನು ಪರಿಷ್ಕರಿಸಿದಾಗ ಈ ಸಂತರ ದಿನವು ಐಚ್ಛಿಕ ಸ್ಮರಣೆಯಾಯಿತು. ಸಂತರನ್ನೇ ತೆಗೆದುಹಾಕಲಾಯಿತೆಂದು ನೊಂದುಕೊಂಡವರುಂಟು. ಅದು ಸರಿಯಲ್ಲ, ಡಿಸೆಂಬರ್ 6ರಂದು ಅವರ ಹೆಸರು ಪಂಚಾಂಗದಲ್ಲಿ ಇಂದಿಗೂ ಇದೆ. ಆರನೆಯ ಶತಮಾನದಲ್ಲಿಯೇ ಸಾಮ್ರಾಟ ಜಸ್ಟಿನಿಯನ್ ಕಾನ್ಸ್ಟಾಂಟಿನೋಪಲಿನಲ್ಲಿ ಅವರ ಹೆಸರಿನ ದೇವಾಲಯವನ್ನು ಕಟ್ಟಿಸಿದ್ದನು. ಜೀವನಚರಿತ್ರೆ ಬರೆಯುವವರು ಹುಟ್ಟುವ ಮೊದಲೇ ಜನರ ಭಕ್ತಿ ಹುಟ್ಟಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಮೈರಾದಲ್ಲಿದ್ದ ಅವರ ಸಮಾಧಿ ನಾವಿಕರ ಯಾತ್ರಾಸ್ಥಳವಾಗಿತ್ತು. 1071ರ ಬಳಿಕ ಆ ಪ್ರದೇಶಗಳು ತುರ್ಕರ ವಶವಾಗತೊಡಗಿದಾಗ, ಇಟಲಿಯ ಬಾರಿ ನಗರದ ನಾವಿಕರು ಅಲ್ಲಿಗೆ ಹೋಗಿ, ಸಮಾಧಿ ಕಾಯುತ್ತಿದ್ದ ಸಂನ್ಯಾಸಿಗಳು ವಿರೋಧಿಸಿದರೂ ಲೆಕ್ಕಿಸದೆ, ಪವಿತ್ರ ಅವಶೇಷಗಳನ್ನು ಹೊತ್ತು ತಂದರು. ಅವು 1087ರ ಮೇ 9ರಂದು ಬಾರಿ ತಲುಪಿದವು. ಇದನ್ನು ರಕ್ಷಣೆಯೆನ್ನುವವರಿದ್ದಾರೆ, ಅಪಹರಣವೆನ್ನುವವರೂ ಇದ್ದಾರೆ. 1089ರಲ್ಲಿ ಜಗದ್ಗುರು ಎರಡನೆಯ ಅರ್ಬನರು ಅವುಗಳನ್ನು ಹೊಸ ದೇವಾಲಯದ ನೆಲಮಾಳಿಗೆಯ ಪೀಠದಡಿ ಇರಿಸಿದರು. ಪೂರ್ವ ಹಾಗೂ ಪಶ್ಚಿಮ ಧರ್ಮಸಭೆಗಳು 1054ರಿಂದ ಬೇರೆಯಾಗಿದ್ದರೂ, ಆ ಪೀಠದ ಮುಂದೆ ಎರಡೂ ಕಡೆಯ ಭಕ್ತರು ಮೊಣಕಾಲೂರುತ್ತಾರೆ. 2017ರಲ್ಲಿ ಅವಶೇಷದ ಒಂದು ಭಾಗವನ್ನು ಕೆಲಕಾಲ ರಷ್ಯಕ್ಕೆ ಕೊಂಡೊಯ್ದಾಗ, 20 ಲಕ್ಷಕ್ಕೂ ಹೆಚ್ಚು ಜನರು ಸಾಲುಗಟ್ಟಿ ನಿಂತು ಗೌರವ ಸಲ್ಲಿಸಿದರು. ವಿದ್ವಾಂಸರು ಬಿಡಿಸಲಾರದ ಗಂಟನ್ನು ಈ ದಾನಶೀಲರು ಸ್ವಲ್ಪ ಸಡಿಲಿಸಿದ್ದಾರೆ.

ಡಚ್ಚರು ಇವರನ್ನು ಸಿಂಟರ್‌ಕ್ಲಾಸ್ ಎಂದು ಕರೆದು, ಇವರ ಹಬ್ಬದಂದು ಮಕ್ಕಳಿಗೆ ಉಡುಗೊರೆ ನೀಡುತ್ತಿದ್ದರು. ಆ ಹೆಸರು ಅಮೆರಿಕದಲ್ಲಿ ಸಾಂಟಾ ಕ್ಲಾಸ್ ಆಯಿತು; ಹತ್ತೊಂಬತ್ತನೆಯ ಶತಮಾನದಲ್ಲಿ ಧರ್ಮಾಧ್ಯಕ್ಷರ ಕಿರೀಟವೂ ದಂಡವೂ ಮಾಯವಾಗಿ, ನಗುಮುಖದ ತಾತ ಮಾತ್ರ ಉಳಿದನು. ಅಂಗಡಿಗಳ ಬಾಗಿಲಲ್ಲಿ ನಿಂತ ಆ ತಾತ ಕೊಳ್ಳಿರೆಂದು ಕರೆಯುತ್ತಾನೆ. ಮೈರಾದ ಧರ್ಮಾಧ್ಯಕ್ಷರು ಕೊಡಿರೆಂದು ಕರೆದವರು.

ಬಲಗೈ ಕೊಟ್ಟುದು ಎಡಗೈಗೆ ತಿಳಿಯದಿರಲಿ ಎಂಬ ಪ್ರಭುವಿನ ಬೋಧನೆಗೆ ಇವರ ಬಾಳೇ ಭಾಷ್ಯ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ದಾನಿಗಳ ಹೆಸರುಗಳನ್ನು ಕೃತಜ್ಞತೆಯಿಂದ ಅಚ್ಚುಮಾಡುವುದು ಯೋಗ್ಯವೇ ಸರಿ. ಆದರೆ ನೂರು ವರ್ಷ ನಿಂತ ಯಾವ ದೇವಾಲಯವೂ ಹೆಸರು ಬರೆಸಿದವರಿಂದ ಮಾತ್ರ ನಿಂತುದಲ್ಲ. ಕೂಲಿಯ ಹಣದಲ್ಲಿ ಒಂದಾಣೆ ಉಳಿಸಿ ಕಾಣಿಕೆ ಪೆಟ್ಟಿಗೆಗೆ ಹಾಕಿದ ಅಜ್ಜಿ, ನೆರೆಮನೆಯಲ್ಲಿ ಒಲೆ ಉರಿಯದ ದಿನ ಸದ್ದಿಲ್ಲದೆ ಅಕ್ಕಿ ಕಳುಹಿಸಿದ ತಾಯಿ, ಇವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅವರೆಲ್ಲರೂ ನಿಕೋಲಾಸರ ಬಳಗದವರು. ಎರಡನೆಯ ಶತಮಾನಕ್ಕೆ ಕಾಲಿಡುವ ನಾವೂ ಆ ಬಳಗದಲ್ಲಿ ಸೇರುವಂತಾಗಲಿ. ಸಂತ ನಿಕೋಲಾಸರೇ, ನಮಗಾಗಿ ಪ್ರಾರ್ಥಿಸಿರಿ.